ದವಡೆ ಮೂಳೆ ಸವೆದಿದೆ, ಇಂಪ್ಲಾಂಟ್ ಕೂರುತ್ತಾ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 58 ವರ್ಷ. ಮೇಲಿನ ದವಡೆ ಹಲ್ಲು ಎರಡು ಕೀಳಿಸಿ ತುಂಬಾ ವರ್ಷ ಆಯ್ತು. ಈಗ ಇಂಪ್ಲಾಂಟ್ ಹಾಕಿಸೋಣ ಅಂತ ಹೋದರೆ ಸ್ಕ್ಯಾನ್ ಮಾಡಿ, ಮೂಳೆ 3 ಮಿ.ಮೀ. ಮಾತ್ರ ಇದೆ, ಸೈನಸ್ ಲಿಫ್ಟ್ ಮಾಡಿ ಪುಡಿ ತುಂಬಿ ಆರು ತಿಂಗಳು ಕಾಯಬೇಕು ಅಂದರು. ನಿಜವಾಗಿ ಬೇಕಾ, ಸುಮ್ನೆ ಬಿಲ್ ಏರಿಸೋದಾ? ಆ ಪುಡಿ ದನದ ಮೂಳೆಯದ್ದಂತೆ, ನಾವು ಸಸ್ಯಾಹಾರಿಗಳು, ಅಮ್ಮ ಕೇಳಿದ್ದೇ ಬೇಡ ಅಂತ ಕೂತಿದ್ದಾರೆ.

ಉತ್ತರ: 3 ಮಿ.ಮೀ. ಅಂದರೆ ಅವರು ಹೇಳಿದ್ದು ಸರಿ. ಇಂಪ್ಲಾಂಟ್ ಅಂದರೆ ಹೊಸ ಹಲ್ಲು ನಿಲ್ಲಿಸಲು ದವಡೆ ಮೂಳೆಯೊಳಗೆ ಕೂರಿಸುವ ಸ್ಕ್ರೂ. ಗಿಡ್ಡ ಇಂಪ್ಲಾಂಟಿಗೂ ಸುಮಾರು 6 ಮಿ.ಮೀ. ಮೂಳೆ ಬೇಕು. ಹಲ್ಲು ಹೋದರೆ ಮೂಳೆಗೆ ಕೆಲಸ ಇರಲ್ಲ, ಕರಗುತ್ತೆ. ಮೊದಲ ವರ್ಷದಲ್ಲೇ ಅಗಲ ಅರ್ಧದಷ್ಟು ಹೋಗಬಹುದು. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್ (ಹಲ್ಲಿನ ಮೇಲೆ, ಮೂಗಿನ ಪಕ್ಕ ಇರುವ ಗಾಳಿ ತುಂಬಿದ ಟೊಳ್ಳು) ಕೂಡ ಕೆಳಗಿಳಿಯುತ್ತೆ.

ಸೈನಸ್ ಲಿಫ್ಟ್‌ನಲ್ಲಿ ಕೆನ್ನೆ ಕಡೆಯಿಂದ ಮೂಳೆಯಲ್ಲಿ ಸಣ್ಣ ಕಿಟಕಿ ಕೊರೆದು, ಸೈನಸ್ಸಿನ ಪೊರೆ ಹರಿಯದ ಹಾಗೆ ಮೇಲೆತ್ತಿ, ಆ ಜಾಗಕ್ಕೆ ಪುಡಿ ತುಂಬುತ್ತಾರೆ. ಇದನ್ನು ಕಲಿಯುವವರಿಗೆ ಹಸಿ ಮೊಟ್ಟೆ ಕೊಡುವುದುಂಟು. ಚಿಪ್ಪು ಕೊರೀಬೇಕು, ಒಳಗಿನ ಪೊರೆ ಹರೀಬಾರದು! ಹಾಗಾಗಿ ಇದನ್ನು ಆಗಾಗ ಮಾಡುವವರ ಹತ್ತಿರವೇ ಹೋಗಿ. ಪುಡಿ ಬರೀ ಆಸರೆ, ಅದರ ಸಂದಿಗಳಲ್ಲಿ ಅಮ್ಮನದೇ ಹೊಸ ಮೂಳೆ ಬೆಳೀಬೇಕು, ಆರು ತಿಂಗಳು ಕಾಯೋದು ಅದಕ್ಕೇ.

ದನದ ಮೂಳೆಯದ್ದೇ ಆಗಬೇಕು ಅಂತೇನಿಲ್ಲ. ಲ್ಯಾಬಿನಲ್ಲಿ ತಯಾರಾಗುವ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ ಸಿಗುತ್ತೆ, ಇಲ್ಲವೇ ಕೆಳದವಡೆಯ ಹಿಂದಿನಿಂದ ಅವರದೇ ಮೂಳೆ ಸ್ವಲ್ಪ ತೆಗೆಯಬಹುದು. ಆದರೆ ಕಿಟಕಿ ಮುಚ್ಚುವ ಕೊಲಾಜನ್ ಪೊರೆ ಸಾಮಾನ್ಯವಾಗಿ ಹಂದಿಯದ್ದೋ ದನದ್ದೋ ಇರುತ್ತೆ. ಪುಡಿ ಬಗ್ಗೆ ಕೇಳಿದವರೂ ಇದನ್ನು ಕೇಳೋದು ಮರೀತಾರೆ. ಅದರ ಬದಲು ಅಮ್ಮನದೇ ರಕ್ತ ಸ್ವಲ್ಪ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪಿಆರ್‌ಎಫ್ ಅನ್ನೋ ಪೊರೆ ಮಾಡಬಹುದಾ ಅಂತ ಮೊದಲೇ ಕೇಳಿ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಅಮ್ಮನಿಗೆ ಶುಗರ್ ಇದೆ, ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆನೂ ತಗೋತಾರೆ. ತೊಂದರೆ ಆಗುತ್ತಾ?

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ! ಶುಗರ್ ಹತೋಟಿಯಲ್ಲಿದ್ದರೆ ಮಾಡಬಹುದು, ಮೂರು ತಿಂಗಳ ಸರಾಸರಿ ಟೆಸ್ಟ್ ಮಾಡಿಸಿ. ನನಗೆ ಯೋಚನೆ ಇರೋದು ಆ ಮಾತ್ರೆ ಬಗ್ಗೆ. ಅಂಥ ಕೆಲವು ಔಷಧಿ ವರ್ಷಗಟ್ಟಲೆ ತಗೊಂಡವರಲ್ಲಿ ಅಪರೂಪಕ್ಕೆ ದವಡೆ ಗಾಯ ಮಾಯದೆ ಮೂಳೆ ಸತ್ತುಹೋಗುತ್ತೆ. ನೀವಾಗೇ ನಿಲ್ಲಿಸಬೇಡಿ. ಮಾತ್ರೆ ಚೀಟಿ ಹಲ್ಲಿನ ಡಾಕ್ಟರಿಗೆ ತೋರಿಸಿ, ಬರೆದುಕೊಟ್ಟ ಡಾಕ್ಟರ್ ಜೊತೆ ಅವರು ಮಾತಾಡಲಿ. ಅಪಾಯ ಜಾಸ್ತಿ ಅನ್ನಿಸಿದರೆ ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್ಟೇ ಸಾಕು.

ಮಾಡಿಸಿದರೆ ಎರಡು ವಾರ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಲಿ, ತಡೆದರೆ ಪುಡಿ ಕದಲಬಹುದು.