ರೆಟಿನಾ ಹಿಂದಿನ ನೀರು, ಅದರಲ್ಲಿರುವ ಕೋಶಗಳು: ಪದ ಬೇಕು

ಎಲ್ಲರಿಗೂ ನಮಸ್ಕಾರ.

ನಾವು ಸಾಗರದ ಕಡೆಯವರು. ಹೋದ ತಿಂಗಳು ಅಪ್ಪಯ್ಯನ ಎಡಗಣ್ಣಿಗೆ ಕತ್ತಲು ಕವಿದ ಹಾಗಾಯಿತು ಅಂತ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ಹರಿದು ಅದರ ಹಿಂದಿನ ಪದರದಿಂದ ಬಿಟ್ಟುಕೊಂಡಿದೆ ಅಂದರು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಾ, ಪಕ್ಕದಲ್ಲಿ ಕಲಿಯುತ್ತಿದ್ದ ಹುಡುಗಿಗೆ "ಟೊಬ್ಯಾಕೋ ಡಸ್ಟ್ ಇದೆ, ನೋಡು" ಅಂದದ್ದೇ ತಡ, ಅಪ್ಪಯ್ಯ ತಲೆ ಎತ್ತಿ "ಹೊಗೆಸೊಪ್ಪು ಬಿಟ್ಟು ಎಂಟು ವರ್ಷ ಆಯ್ತು ಡಾಕ್ಟ್ರೇ, ಈಗ ಬರೀ ಎಲೆ ಅಡಿಕೆ" ಅಂದರು!

ಅದು ಹೊಗೆಸೊಪ್ಪಲ್ಲ. ರೆಟಿನಾದ ಹಿಂದೆ ಕಂದು ಬಣ್ಣದ ಪದರ ಇದೆ. ಅದರ ಕೋಶಗಳು ಹರಕಿನಿಂದ ಮುಂದೆ ಬಂದು ಕಣ್ಣೊಳಗಿನ ಲೋಳೆಯಲ್ಲಿ ತೇಲುತ್ತವೆ, ನಶ್ಯದ ಪುಡಿ ಥರ ಕಾಣುತ್ತವೆ. ಶೇಫರ್ ಚಿಹ್ನೆ ಅನ್ನುವುದು ಇದಕ್ಕೇ.

ನನ್ನ ಪ್ರಶ್ನೆ ಹಿಂದೆ ಉಳಿದವುಗಳದ್ದು. ಲೋಳೆ ನೀರಾಗಿ ಅದೇ ಹರಕಿನಿಂದ ಒಳಗೆ ನುಗ್ಗಿ ರೆಟಿನಾ ಹಿಂದೆ ನಿಲ್ಲುತ್ತದೆ. ಮಳೆಗಾಲದಲ್ಲಿ ಗೋಡೆಯ ಬಣ್ಣ ಉಬ್ಬುತ್ತಲ್ಲ, ಬೆರಳಲ್ಲಿ ಒತ್ತಿದರೆ ನೀರಿನ ಜೊತೆ ಸುಣ್ಣದ ಪುಡಿಯೂ ಬರುತ್ತದೆ, ಹಾಗೇ ಈ ನೀರೂ ಬರೀ ನೀರಲ್ಲ. ಉದುರಿದ ಬಣ್ಣದ ಕೋಶಗಳು, ಬೆಳಕು ಹಿಡಿಯುವ ಕೋಶಗಳ ತುದಿಯ ಚೂರುಗಳು, ಆ ಚೂರುಗಳನ್ನು ನುಂಗಿ ನುಂಗಿ ಊದಿಕೊಂಡ ಮ್ಯಾಕ್ರೋಫೇಜ್ ಅನ್ನುವ ಕೋಶಗಳು, ಎಲ್ಲ ಇರುತ್ತವೆ.

ಇದನ್ನು ಅಪ್ಪಯ್ಯನಿಗೆ ಕನ್ನಡದಲ್ಲಿ ಬರೆದುಕೊಡೋಣ ಅಂತ ಕೂತೆ. 'ಪೊರೆ ಕಳಚಿದೆ' ಅಂತ ಶುರು ಮಾಡಿದರೆ ಹಾವಿನ ಸುದ್ದಿ ಆಗುತ್ತದೆ, ಇಲ್ಲಾಂದ್ರೆ ಕ್ಯಾಟರಾಕ್ಟ್ ತೆಗೆಸಿದ ಸುದ್ದಿ. 'ದ್ರವಕೋಶ' ಅಂದರೆ ಇನ್ನೂ ಕಷ್ಟ. ಮೂತ್ರಕೋಶ, ಪಿತ್ತಕೋಶದ ಸಾಲಲ್ಲಿ ಅದು ನೀರು ತುಂಬಿದ ಚೀಲ ಆಗಿಬಿಡುತ್ತದೆ, ನೀರೊಳಗಿನ ಸೆಲ್ ಆಗುವುದಿಲ್ಲ. 'ಕಣ' ಅಂದರೆ ಧೂಳು, ಜೀವವೇ ಇಲ್ಲ.

ಕಡೆಗೆ 'ಹಿನ್ನೀರು' ಹೊಳೆಯಿತು. ರೆಟಿನಾದ ಹಿನ್ನೀರು, ಹಿನ್ನೀರಿನ ಕೋಶಗಳು. ಖುಷಿಯಾಗಿ ಓದಿ ಹೇಳಿದೆ. ಅಪ್ಪಯ್ಯ ಒಪ್ಪಲೇ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಮ್ಮ ಅಜ್ಜನ ಗದ್ದೆ ಮುಳುಗಿತ್ತು. "ಹಿನ್ನೀರು ನಿಂತ ಜಾಗ ವಾಪಸ್ ಸಿಕ್ಕಿದ್ದುಂಟನಾ ಮಾರಾಯ? ನನ್ನ ಕಣ್ಣಿಗೆ ಆ ಹೆಸರು ಇಡಬೇಡ" ಅಂದರು. ಆಪರೇಷನ್ನಲ್ಲಿ ಆ ನೀರು ತೆಗೆದಿದ್ದಾರೆ, ಈಗ ಅಕ್ಷರ ಕಾಣುತ್ತದೆ, ಆದರೂ ಕೇಳುವುದಿಲ್ಲ.

ಬೇರೆ ಪದ ಇದ್ದರೆ ಹೇಳಿ. ಹಾಗೇ ಮ್ಯಾಕ್ರೋಫೇಜಿಗೆ 'ನುಂಗುಕೋಶ' ಅಂದರೆ ಕಿವಿಗೆ ಹಿತವಾ, ಅಥವಾ ಸುಮ್ನೆ ಮ್ಯಾಕ್ರೋಫೇಜ್ ಅಂತಲೇ ಬಿಡಲಾ?