ಜಿನ್ನಿಯಾ: ಬೀಜ ಮೇಲೆ ಬರ್ತಿಲ್ಲ, ಬಂದ ಸಸಿ ಬುಡದಲ್ಲಿ ಕರಗಿ ಬೀಳ್ತಿದೆ

ಚಿಂತಾಮಣಿ (ಪ್ರಶ್ನೆ):
ಮನೆ ಮುಂದಿನ ಕೆಮ್ಮಣ್ಣಿನ ಮಡಿಗೆ ಜಿನ್ನಿಯಾ ಬೀಜ ಹಾಕಿ ವಾರ ಕಳೆದರೂ ಕಾಲು ಭಾಗ ಮಾತ್ರ ಮೇಲೆ ಬಂದಿದೆ. ಬಂದವುಗಳಲ್ಲೂ ಕೆಲವು ಬುಡ ತೆಳ್ಳಗಾಗಿ ಮಗುಚಿಕೊಳ್ತಿವೆ. ಬೀಜ ಹೋದ ವರ್ಷದ ಒಣ ಹೂವಿಂದ ತೆಗೆದಿಟ್ಟದ್ದು. ಬೆಳಗ್ಗೆ, ಸಂಜೆ ಎರಡೂ ಹೊತ್ತು ಪೈಪಲ್ಲಿ ನೀರು. ಬೀಜವೇ ಸರಿ ಇಲ್ವಾ?

ಮಾಲೂರು:
ಬೀಜವನ್ನು ಬೈಯೋಕೆ ಮೊದಲು ಮೊಳೆಯದ ಜಾಗದಲ್ಲಿ ಕಡ್ಡಿಯಿಂದ ಮೆಲ್ಲಗೆ ಕೆದಕಿ ನೋಡಿ ಸಾರ್. ಮೊಳಕೆ ಒಡೆದು ಮಣ್ಣೊಳಗೇ ಮಡಚಿಕೊಂಡಿದ್ದರೆ ಮೇಲ್ಮಣ್ಣು ಹೆಪ್ಪುಗಟ್ಟಿದೆ ಎಂದರ್ಥ. ನಮ್ಮ ಕಡೆಯ ಕೆಮ್ಮಣ್ಣಿಗೆ ಪೈಪಿನ ನೀರು ಬಡಿದು ಬಿಸಿಲಿಗೆ ಒಣಗಿದರೆ ಮೇಲೆ ಹಪ್ಪಳದಂಥ ಪದರ ಕಟ್ಟುತ್ತೆ. ಎಳೆ ಮೊಳಕೆಗೆ ಅದನ್ನು ಸೀಳುವ ಶಕ್ತಿ ಇರಲ್ಲ. ಬೀಜ ಮೆತ್ತಗೆ ಕೊಳೆತಿದ್ದರೆ ನೀರು ಹೆಚ್ಚಾಗಿದೆ. ಬೀಜವೇ ಸಿಗದಿದ್ದರೆ ಇರುವೆ ಹೊತ್ತುಕೊಂಡು ಹೋಗಿರಬಹುದು.

ಉಳಿದ ಬೀಜದಲ್ಲಿ ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 21ರಿಂದ 27 ಡಿಗ್ರಿ ಶಾಖದಲ್ಲಿ 4–7 ದಿನಕ್ಕೆ ಮೊಳೆಯಬೇಕು. ಮನೆಯಲ್ಲಿ ತೆಗೆದ ಬೀಜದಲ್ಲಿ ಜೊಳ್ಳು ಜಾಸ್ತಿ, ಉಗುರಲ್ಲಿ ಒತ್ತಿದಾಗ ಗಟ್ಟಿ ತಿರುಳು ಸಿಗದ್ದನ್ನು ಆರಿಸಿ ಬಿಸಾಡಿ.

ಬುಡ ಕರಗಿ ಬೀಳೋದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಥರದ ರೋಗಾಣುಗಳು ತೇವ ಆರದ ಮಣ್ಣಲ್ಲಿ ಹೆಚ್ಚುತ್ತವೆ. ಬಿದ್ದ ಸಸಿ ಉಳಿಯಲ್ಲ, ಬುಡದ ಮಣ್ಣಿನ ಸಮೇತ ತೆಗೆದುಹಾಕಿ. ಸಂಜೆ ನೀರು ಇವತ್ತೇ ನಿಲ್ಲಿಸಿ. ಗೊಬ್ಬರ ಏನು ಹಾಕಿದ್ದೀರಿ, ಎಷ್ಟು ಆಳಕ್ಕೆ ಬಿತ್ತಿದ್ದೀರಿ?

ಚಿಂತಾಮಣಿ:
ಕೆದಕಿದೆ, ಮಡಚಿಕೊಂಡ ಮೊಳಕೆಗಳೇ ಹೆಚ್ಚು. ಆಳ ಒಂದು ಇಂಚು ಇರಬಹುದು. ಕೊಟ್ಟಿಗೆ ಗೊಬ್ಬರ ಹಾಕಿದ್ದು, ಪೂರ್ತಿ ಕಳಿತಿರಲಿಲ್ಲ. ಈ ಸಲ ಟ್ರೇನಲ್ಲಿ ಹಾಕಲಾ?

ತಿಪಟೂರು:
ಟ್ರೇ ಯಾಕೆ? ಜಿನ್ನಿಯಾಗೆ ಬೇರು ಅಲುಗಿದರೆ ಆಗಲ್ಲ, ಮಡಿಗೇ ಹಾಕಿ. ಆಳ ಅರ್ಧದಿಂದ ಒಂದು ಸೆಂಟಿಮೀಟರ್ ಸಾಕು. ಮೇಲೆ ಕೆಮ್ಮಣ್ಣು ಮುಚ್ಚಬೇಡಿ. ಜರಡಿ ಹಿಡಿದ ಎರೆಗೊಬ್ಬರ, ಮರಳು ಸಮಸಮ ಬೆರೆಸಿ ತೆಳ್ಳಗೆ ಉದುರಿಸಿ. ಅದು ಹೆಪ್ಪುಗಟ್ಟಲ್ಲ. ಅರೆ ಕಳಿತ ಗೊಬ್ಬರ ಎಳೆ ಬೇರಿಗೆ ಶಾಖ ಕೊಡುತ್ತೆ, ಅದನ್ನು ಗುಂಡಿಗೆ ವಾಪಸ್ ಹಾಕಿ.

ಮಾಲೂರು:
ಬಿಸಿಲುಗಾಲಕ್ಕೆ ಅದು ಸರಿ. ಹಸ್ತ, ಚಿತ್ತೆ ಮಳೆ ಸುರಿಯುವಾಗ ಮಡಿಯಲ್ಲಿ ಬಿತ್ತಿದ್ದು ಕೊಚ್ಚಿ ಹೋಗುತ್ತೆ, ಆಗ ಟ್ರೇಯೇ ಮೇಲು. ಟೊಮೆಟೊ ನರ್ಸರಿಗಳಲ್ಲಿ ಸಿಗುವ 98 ಗುಳಿಯ ಟ್ರೇಗೆ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಗುಳಿಗೊಂದು ಬೀಜ. ಮೊದಲು ಬರುವ ಬೀಜದೆಲೆ ಬಿಟ್ಟು ಎರಡು ಜೋಡಿ ನಿಜವಾದ ಎಲೆ ಬಂದ ಕೂಡಲೇ ಹೆಂಟೆ ಒಡೆಯದ ಹಾಗೆ ನಾಟಿ ಮಾಡಿ. ತಡ ಮಾಡಿದರೆ ಗುಳಿಯೊಳಗೇ ಬೇರು ಸುತ್ತಿಕೊಂಡು ಗಿಡ ಕುಳ್ಳಾಗಿಯೇ ನಿಲ್ಲುತ್ತೆ.

ಚಿಂತಾಮಣಿ:
ಸರಿ, ಮಳೆ ನೋಡಿಕೊಂಡು ಮಾಡ್ತೀನಿ. ಹೋದ ವರ್ಷ ಗಿಡದ ಎಲೆಗಳೆಲ್ಲ ಬೆಳ್ಳಗಾಗಿದ್ದವು. ಅದಕ್ಕೂ ಈಗಲೇ ಏನಾದರೂ ಮಾಡಬೇಕಾ?

ತಿಪಟೂರು:
ಅದು ಬೂದಿ ರೋಗ. ಅಂತರ ಕೊಡುವುದರಲ್ಲೇ ಅರ್ಧ ಔಷಧಿ ಇದೆ: ಗಿಡದಿಂದ ಗಿಡಕ್ಕೆ 25–30 ಸೆಂಟಿಮೀಟರ್. ನೀರು ಬುಡಕ್ಕೆ ಮಾತ್ರ. ಚಳಿಗಾಲದ ಮಂಜಿನಲ್ಲಿ ಕೆಳ ಎಲೆಯ ಮೇಲೆ ಬಿಳಿ ಪುಡಿ ಕಂಡರೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಬಿಸಿಲೇರುವ ಮೊದಲೇ ಸಿಂಪಡಿಸಿ. ಉರಿ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ. ಪುಡಿಯಲ್ಲದೆ ಕೆಂಗಂದು ಚುಕ್ಕೆಗಳಿದ್ದರೆ ಅದು ಆಲ್ಟರ್ನೇರಿಯಾ ಎಲೆಚುಕ್ಕೆ ಇರಬಹುದು. ಅದು ಬೀಜದ ಮೂಲಕವೂ ದಾಟುತ್ತೆ, ಅಂಥ ಗಿಡದ ಬೀಜ ಎತ್ತಿಡಬೇಡಿ.

ಮೂರು-ನಾಲ್ಕು ಜೋಡಿ ಎಲೆ ಆದಾಗ ತುದಿ ಕುಡಿ ಚಿವುಟಿ. ಮೊದಲ ಹೂವು ಸ್ವಲ್ಪ ತಡವಾಗುತ್ತೆ, ಆದರೆ ಪಕ್ಕದ ಕವಲು ಒಡೆದು ಗಿಡ ತುಂಬಿಕೊಳ್ಳುತ್ತೆ. ಮನೆ ಬೀಜದಿಂದ ಒಂಟಿ ಸುತ್ತಿನ ಎಸಳು ಬಂದರೆ ಗಾಬರಿ ಬೇಡ. ಜೇನು, ಚಿಟ್ಟೆ ಪರಾಗ ಬೆರೆಸಿ ತಳಿ ಚದುರಿರುತ್ತೆ, ಅಷ್ಟೇ. ಮುಂದಿನ ಸಲ ಒತ್ತು ಎಸಳಿನ ಗಿಡದ ಹೂವು ಕಂದಾಗಿ ಒಣಗಿದ ಮೇಲಷ್ಟೇ ಬೀಜ ತೆಗೆದು ಕಾಗದದ ಲಕೋಟೆಯಲ್ಲಿಡಿ, ಪ್ಲಾಸ್ಟಿಕ್ ಬೇಡ.