ಕರಾವಳಿಯ ಸೆಕೆಗೆ ಕಪ್‌ಕೇಕ್ ಮೇಲಿನ ಬಟರ್‌ಕ್ರೀಮ್ ಕರಗಿ ಇಳಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ (ಕುಂದಾಪುರದಿಂದ)

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಮಗಳ ಹುಟ್ಟುಹಬ್ಬಕ್ಕೆ 24 ಕಪ್‌ಕೇಕ್ ಮಾಡಬೇಕಾಗಿದ್ದು, ಕೈ ಪಳಗಲೆಂದು ನಿನ್ನೆ ಹನ್ನೆರಡನ್ನು ಮಾಡಿ ನೋಡಿದೆ. ಕೇಕ್ ಚೆನ್ನಾಗಿಯೇ ಬಂದಿತು, ಕೈಕೊಟ್ಟದ್ದು ಮೇಲಿನ ಫ್ರಾಸ್ಟಿಂಗ್. 200 ಗ್ರಾಂ ಉಪ್ಪಿಲ್ಲದ ಬೆಣ್ಣೆಗೆ 400 ಗ್ರಾಂ ಐಸಿಂಗ್ ಸಕ್ಕರೆ ಸೇರಿಸಿ ಬೀಟರಿನಲ್ಲಿ ಹೊಡೆದಾಗ ಬೆಳ್ಳಗೆ ಹಗುರವಾಗಿದ್ದ ಕ್ರೀಮು, ಪೈಪಿಂಗ್ ಬ್ಯಾಗಿಗೆ ತುಂಬಿ ನಾಲ್ಕನೆಯ ಕಪ್‌ಕೇಕಿಗೆ ಬರುವಷ್ಟರಲ್ಲಿ ನನ್ನ ಅಂಗೈ ತಗಲಿದ ಕಡೆಯೆಲ್ಲ ಎಣ್ಣೆಯಂತೆ ಹೊಳೆಯತೊಡಗಿತು. ನಾಝಲಿನ ಗೆರೆಗಳು ಮಾಸಿಹೋಗಿ, ಇಡೀ ಸುರುಳಿ ಒಂದು ಕಡೆಗೆ ವಾಲಿ ಕಾಗದದ ಕಪ್ಪಿನ ಹೊರಗೆ ಇಳಿಯಿತು. ಗಟ್ಟಿಯಾಗಲೆಂದು ಮತ್ತೆ 150 ಗ್ರಾಂ ಸಕ್ಕರೆ ಹಾಕಿದೆ. ಗಂಟಲು ಕಟ್ಟುವಷ್ಟು ಸಿಹಿಯಾಯಿತೇ ಹೊರತು ನಿಲ್ಲಲಿಲ್ಲ.

ಅಡುಗೆಮನೆಯಲ್ಲಿ ಈಗ 33 ಡಿಗ್ರಿ ಸೆಕೆ, ಎಸಿ ಇಲ್ಲ. ಅತ್ತೆಯವರು ಮೊಟ್ಟೆ ತಿನ್ನುವುದಿಲ್ಲವಾದ್ದರಿಂದ ಮೊಟ್ಟೆಯ ಬಿಳಿಭಾಗದ ಕ್ರೀಮು ಮಾಡುವಂತಿಲ್ಲ. ಸಂಜೆ ನಾಲ್ಕಕ್ಕೆ ಅಂಗಳದ ಚಪ್ಪರದಲ್ಲಿ ಮಕ್ಕಳಿಗೆ ಹಂಚಬೇಕು. ಯಾವ ಫ್ರಾಸ್ಟಿಂಗ್ ಆರಿಸಿಕೊಂಡರೆ ನಿಲ್ಲುತ್ತದೆ? ಹಾಳಾದ ಈ ಕ್ರೀಮನ್ನು ಸರಿಪಡಿಸಲು ದಾರಿಯಿದೆಯೇ?

ಉತ್ತರ 1 (ಮಂಗಳೂರಿನಿಂದ)

ನಿಮ್ಮ ಅಳತೆಯಲ್ಲಿ ತಪ್ಪಿಲ್ಲ. ಬೆಣ್ಣೆಯ ಎರಡು ಪಾಲು ಸಕ್ಕರೆ ಎಂಬುದು ಎಲ್ಲರೂ ಬಳಸುವ ಲೆಕ್ಕವೇ. ತೊಂದರೆಯಿರುವುದು ಉಷ್ಣತೆಯಲ್ಲಿ. ಬೆಣ್ಣೆ ಗಾಳಿಯನ್ನು ಹಿಡಿದುಕೊಂಡು ಆಕಾರ ಉಳಿಸಿಕೊಳ್ಳುವುದು ಸುಮಾರು 20ರಿಂದ 22 ಡಿಗ್ರಿಯಲ್ಲಿ, ಮೂವತ್ತು ದಾಟಿದ ಮೇಲೆ ಅದು ಕರಗುವ ಹಾದಿಯಲ್ಲೇ ಇರುತ್ತದೆ. ಸಕ್ಕರೆ ಎಷ್ಟು ಸುರಿದರೂ ಬೆಣ್ಣೆ ಕರಗುವ ಉಷ್ಣತೆ ಮೇಲೇರುವುದಿಲ್ಲ. ಕರಗಿದ ಕ್ರೀಮಿಗೆ ಸಕ್ಕರೆ ಸೇರಿಸುವ ತಪ್ಪನ್ನು ನಾನೂ ಮೊದಲ ಎರಡು ವರ್ಷ ಮಾಡಿದ್ದೇನೆ, ಆದ್ದರಿಂದ ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಈಗಿರುವ ಕ್ರೀಮನ್ನು ಎಸೆಯಬೇಡಿ. ಬಟ್ಟಲು ಸಮೇತ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು, ಅಂಚು ಗಟ್ಟಿಯಾಗಿ ನಡುಭಾಗ ಇನ್ನೂ ಮೆತ್ತಗಿರುವಾಗಲೇ ಹೊರತೆಗೆದು ಮತ್ತೆ ಹೊಡೆಯಿರಿ. ಹೆಚ್ಚಾದ ಸಿಹಿಗೆ 75 ಗ್ರಾಂ ಬೆಣ್ಣೆ ಸೇರಿಸಿದರೆ 550 ಗ್ರಾಂ ಸಕ್ಕರೆಗೆ 275 ಗ್ರಾಂ ಬೆಣ್ಣೆಯಾಗಿ ಹಳೆಯ ಲೆಕ್ಕಕ್ಕೇ ಬರುತ್ತದೆ. ಒಂದು ಚಿಟಿಕೆ ಉಪ್ಪು ಹಾಕಿದರೆ ನಾಲಿಗೆಗೆ ಇನ್ನಷ್ಟು ಹಿತ. ಡಬ್ಬಿಯಲ್ಲಿ ಮುಚ್ಚಿ ಫ್ರೀಜರಿನಲ್ಲಿಟ್ಟು, ಸೆಕೆ ಇಳಿದ ಮೇಲೆ ಬಳಸಿ.

ಚಪ್ಪರದಡಿಗೆ ಮಾತ್ರ ಬಟರ್‌ಕ್ರೀಮನ್ನು ಬಿಟ್ಟು ಚಾಕೊಲೇಟ್ ಗನಾಶ್ ಮಾಡಿ. 400 ಗ್ರಾಂ ಡಾರ್ಕ್ ಕಾಂಪೌಂಡ್ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಮಾತ್ರ ಕಾಯಿಸಿದ 200 ಗ್ರಾಂ ಫ್ರೆಶ್ ಕ್ರೀಮನ್ನು ಅದರ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ನಡುವಿನಿಂದ ಹೊರಕ್ಕೆ ನಿಧಾನವಾಗಿ ಕಲಸಿ. 24 ಕಪ್‌ಕೇಕಿಗೆ ತಲಾ 25 ಗ್ರಾಂ ಬರುತ್ತದೆ, ತೀರ ಎತ್ತರದ ಗೋಪುರ ಬೇಡವಾದರೆ ಇಷ್ಟು ಸಾಕು. ಕಲಸುವಾಗ ಎಣ್ಣೆ ಬಿಟ್ಟುಕೊಂಡು ಒಡೆದಂತೆ ಕಂಡರೆ ಗಾಬರಿಯಾಗದೆ, ಬೆಚ್ಚಗಿನ ಹಾಲನ್ನು ಒಂದೊಂದೇ ಚಮಚ ಹಾಕುತ್ತ ತಿರುವಿದರೆ ಮತ್ತೆ ನುಣ್ಣಗೆ ಕೂಡಿಕೊಳ್ಳುತ್ತದೆ. ಕಾಂಪೌಂಡಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ರುಚಿಯಲ್ಲಿ ಅದು ಅಸಲಿ ಚಾಕೊಲೇಟಿಗೆ ಸಮನಲ್ಲ, ಆದರೆ ನಮ್ಮ ಮೇ ತಿಂಗಳಿಗೆ ನಾನು ಅದನ್ನೇ ನಂಬುತ್ತೇನೆ.

ಉತ್ತರ 2 (ಬೆಂಗಳೂರಿನಿಂದ)

ಮಕ್ಕಳಿಗೆ ಬಣ್ಣಬಣ್ಣದ ಕ್ರೀಮೇ ಬೇಕೆಂದರೆ ಗನಾಶ್ ಒದಗುವುದಿಲ್ಲ. ಬೇಕರಿಗಳಲ್ಲಿ ಬಳಸುವ ನಾನ್‌ಡೈರಿ ವಿಪ್ಪಿಂಗ್ ಕ್ರೀಮನ್ನೂ ಯೋಚಿಸಬಹುದು. ಅದು ಫ್ರೀಜರಿನಲ್ಲಿ ಗಡ್ಡೆಕಟ್ಟಿದ ಪ್ಯಾಕಾಗಿ ಸಿಗುತ್ತದೆ. ಹಿಂದಿನ ರಾತ್ರಿಯೇ ಅದನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಕರಗಿಸಿ, ಬಟ್ಟಲನ್ನೂ ಬೀಟರಿನ ಕಡ್ಡಿಗಳನ್ನೂ ತಣ್ಣಗೆ ಮಾಡಿಕೊಂಡು ಹೊಡೆಯಬೇಕು. ಹೊಡೆತ ಹೆಚ್ಚಾಗಿ ಕ್ರೀಮು ತರಿತರಿಯಾದರೆ, ಹೊಡೆಯದೆ ಉಳಿಸಿಕೊಂಡ ದ್ರವವನ್ನು ಎರಡು ಚಮಚ ಹಾಕಿ, ಬೀಟರ್ ಮುಟ್ಟದೆ ಚಪ್ಪಟೆ ಸೌಟಿನಿಂದ ಮಗುಚಿದರೆ ಸರಿಹೋಗುತ್ತದೆ. ಅಂಗಡಿಯ ಚಿಕ್ಕ ಡಬ್ಬಿಯ ಫ್ರೆಶ್ ಕ್ರೀಮನ್ನೇ ಹೊಡೆಯಲು ಹೋಗಿ ಹಲವರು ಸೋಲುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು 25 ಶೇಕಡಾ ಕೊಬ್ಬು, ಹೊಡೆದು ನಿಲ್ಲಬೇಕಾದರೆ ಮೂವತ್ತಕ್ಕಿಂತ ಹೆಚ್ಚು ಬೇಕು.

ಬಣ್ಣಕ್ಕೆ ನೀರಿನಂತಿರುವ ಬಾಟಲಿಯ ಬಣ್ಣ ಬೇಡ, ಜೆಲ್ ಬಣ್ಣವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಹಾಕಿ. ಪೈಪಿಂಗ್ ಬ್ಯಾಗನ್ನು ಪೂರ್ತಿ ತುಂಬಬೇಡಿ. ಮೂರು ನಾಲ್ಕು ಕಪ್‌ಕೇಕಿಗೆ ಆಗುವಷ್ಟೇ ಹಾಕಿಕೊಂಡು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಅಂಗೈಯ ಬಿಸಿಗೆ ಇಡೀ ಕ್ರೀಮು ಹಾಳಾಗುವುದು ತಪ್ಪುತ್ತದೆ.

ಉತ್ತರ 3 (ಶಿರಸಿಯಿಂದ)

ನಮ್ಮ ಮನೆಯಲ್ಲಿಯೂ ಮೊಟ್ಟೆ ನಿಷಿದ್ಧ. ಅಂಗಳಕ್ಕೆ ಒಯ್ಯದೆ ಒಳಗೆ ಫ್ಯಾನಿನಡಿ ಹಂಚುವುದಾದರೆ, ಅಥವಾ ಮುಂದೊಮ್ಮೆ ಚಳಿಗಾಲದಲ್ಲಿ, ಮೈದಾ ಬೇಯಿಸಿದ ಬಟರ್‌ಕ್ರೀಮನ್ನು ದಯವಿಟ್ಟು ಮಾಡಿ ನೋಡಿ. 250 ಮಿಲಿಲೀಟರ್ ಹಾಲಿಗೆ 35 ಗ್ರಾಂ ಮೈದಾ, 200 ಗ್ರಾಂ ಸಾದಾ ಸಕ್ಕರೆ ಕದಡಿ, ಸಣ್ಣ ಉರಿಯಲ್ಲಿ ಅಂಬಲಿಗಿಂತ ಗಟ್ಟಿಯಾಗಿ, ಸೌಟು ಎಳೆದರೆ ಗೆರೆ ಉಳಿಯುವವರೆಗೆ ಬೇಯಿಸಬೇಕು. ಕೆನೆಗಟ್ಟದಂತೆ ಮೇಲ್ಮೈಗೇ ತಗಲುವ ಹಾಗೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಪೂರ್ತಿ ಆರಿದ ಮೇಲೆ ಹೊಡೆದ 225 ಗ್ರಾಂ ಬೆಣ್ಣೆಗೆ ಚಮಚ ಚಮಚವಾಗಿ ಸೇರಿಸಬೇಕು. ಅರೆಬಿಸಿಯಿದ್ದಾಗ ಅವಸರಪಟ್ಟರೆ ಕೆಟ್ಟಿತೆಂದೇ ತಿಳಿಯಿರಿ. ಸಿಹಿ ಅರ್ಧದಷ್ಟು ಎನ್ನುವ ಹಾಗಿರುತ್ತದೆ, ನಮ್ಮ ಅಮ್ಮನವರು ಕೇಳಿ ಎರಡನೆಯದನ್ನು ಹಾಕಿಸಿಕೊಳ್ಳುವ ಫ್ರಾಸ್ಟಿಂಗ್ ಇದೊಂದೇ.

ಮನೆಯಲ್ಲಿ ಕಡೆದ ಬೆಣ್ಣೆ ಬಳಸುವವರಿಗೆ ಒಂದು ಮಾತು. ಅದರಲ್ಲಿ ಮಜ್ಜಿಗೆ ಉಳಿದಿದ್ದರೆ ಕ್ರೀಮು ಒಡೆದು ನೀರು ಬಿಡುತ್ತದೆ. ತಣ್ಣೀರಿನಲ್ಲಿ ಮೂರು ನಾಲ್ಕು ಸಲ, ನೀರು ತಿಳಿಯಾಗುವವರೆಗೆ ತೊಳೆದು, ಬಿಳಿ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಲೇಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮಂಗಳೂರಿನ ಅಕ್ಕ ಹೇಳಿದಂತೆ ಶನಿವಾರ ರಾತ್ರಿ ಗನಾಶ್ ಮಾಡಿದೆ. ಮೊದಲ ಸಲ ಕ್ರೀಮು ಹೆಚ್ಚು ಕಾದು ಒಡೆಯಿತು, ಮೂರು ಚಮಚ ಬೆಚ್ಚಗಿನ ಹಾಲಿಗೆ ನನ್ನ ಕಣ್ಣೆದುರೇ ಕನ್ನಡಿಯಂತೆ ಕೂಡಿಕೊಂಡಿತು. ಭಾನುವಾರ ಬೆಳಿಗ್ಗೆ ಬ್ಯಾಗಿಗೆ ಸ್ವಲ್ಪ ಸ್ವಲ್ಪವೇ ತುಂಬಿಕೊಂಡು ಸುರುಳಿ ಹಾಕಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು, ಮೂರೂವರೆಗೆ ಹೊರತೆಗೆದೆವು. ಮುಚ್ಚಳ ಕೂಡಲೇ ತೆಗೆಯದೆ ಕಾಲು ಗಂಟೆ ಬಿಟ್ಟದ್ದರಿಂದ ತೇವದ ಹನಿಗಳು ಡಬ್ಬಿಯ ಹೊರಮೈಯಲ್ಲೇ ಉಳಿದವು, ಗನಾಶ್ ಬೆವರಲಿಲ್ಲ. ಚಪ್ಪರದ ಅಂಚಿನಲ್ಲಿ ಬಿಸಿಲು ತಾಗಿದ ಎರಡು ಮಾತ್ರ ಮೆತ್ತಗಾದವು, ಉಳಿದ 22 ಗೆರೆ ಮಾಸದೆ ನಿಂತವು. ಹಳೆಯ ಬಟರ್‌ಕ್ರೀಮು ಬೆಣ್ಣೆ, ಉಪ್ಪು ಸೇರಿಸಿಕೊಂಡು ಫ್ರೀಜರಿನಲ್ಲಿದೆ.